ಎರೆ ಹೊಲದಲ್ಲಿ ಆರು ಹೋಲ್

"ಇವೇನ್ ತಮ್ಮಾ, ಬೋರ್‌ವೆಲ್ ಸಾಮಾನಾ?"

ಕೊಪ್ಪಳದಲ್ಲಿ ಯಲಬುರ್ಗಾ ಬಸ್ ಹತ್ತಿದಾಗ ಕಂಡಕ್ಟರ್ ಕೇಳಿದ ಪ್ರಶ್ನೆ ಇದು. ನಮ್ಮ ಕೈಯಲ್ಲಿ ಗೋಣಿಚೀಲ ಸುತ್ತಿದ ನಾಲ್ಕು ಕಬ್ಬಿಣದ ಪೈಪುಗಳಿದ್ದವು. ಪ್ರತಿ ಪೈಪಿನ ತುದಿಗೂ ಅಂಗೈ ಅಗಲದ ಕಬ್ಬಿಣದ ತುಂಡೊಂದನ್ನು ವೆಲ್ಡ್ ಮಾಡಿಸಿದ್ದೆವು. "ಗಾಲ್ಫ್ ಆಡೋ ಕೋಲು ರೀ" ಅಂದೆ. ಅವರು ನನ್ನ ಮುಖ, ಪೈಪು ಎರಡನ್ನೂ ಒಮ್ಮೆ ನೋಡಿ, "ಯಲಬುರ್ಗಾದಾಗ ಗಾಲ್ಫಾ? ಆಡ್ರಿ ಆಡ್ರಿ" ಎಂದು ನಗುತ್ತಾ ಮುಂದೆ ಹೋದರು. ನಗು ನಗುತ್ತಲೇ ಲಗೇಜ್ ಟಿಕೆಟ್ಟನ್ನೂ ಹರಿದರು.

ನಮ್ಮ ಹಾಸ್ಟೆಲ್‌ನಲ್ಲಿ ಯಾರಿಗೂ ಸ್ವಂತ ಹೆಸರಿಲ್ಲ, ಊರೇ ಹೆಸರು. ನಾನು ಕೊಪ್ಪಳ. ಉಳಿದ ಮೂವರು ಗಂಗಾವತಿ, ಕುಷ್ಟಗಿ, ಯಲಬುರ್ಗಾ. ನಾಲ್ಕು ತಾಲ್ಲೂಕು ಸೇರಿ ಒಂದು ರೂಮು. ಆ ರೂಮಿನಲ್ಲಿ ಒಂದು ಮಂಚ ಶಿವರಾತ್ರಿಯಿಂದ ಖಾಲಿ ಇತ್ತು. ಹಬ್ಬಕ್ಕೆಂದು ಊರಿಗೆ ಹೋದ ಯಲಬುರ್ಗಾ ವಾಪಸ್ ಬಂದಿರಲಿಲ್ಲ. ಅಷ್ಟರಲ್ಲಿ ಐದನೇ ಸೆಮಿಸ್ಟರ್ ಫಲಿತಾಂಶ ಬಂದಿತ್ತು. ಅವನಿಗೆ ಎರಡು ವಿಷಯ ಹೋಗಿದ್ದವು. ಫೋನ್ ಮಾಡಿದರೆ ಎತ್ತುತ್ತಿರಲಿಲ್ಲ. "ಹೊಲದಾಗ ಕೆಲಸ ಐತಿ" ಎಂಬ ಒಂದು ಸಾಲಿನ ಮೆಸೇಜು ಬರುತ್ತಿತ್ತು, ಅಷ್ಟೇ. ಬಿಇ ಬಿಟ್ಟುಬಿಡುತ್ತಾನೆ ಎಂಬ ಸುದ್ದಿ ಕ್ಲಾಸಿನಲ್ಲಿ ಹಬ್ಬಿತ್ತು.

ಇದರಲ್ಲಿ ನನ್ನದೊಂದು ಪಾಲಿತ್ತು. ಐದನೇ ಸೆಮಿಸ್ಟರ್ ಮಿನಿ ಪ್ರಾಜೆಕ್ಟ್‌ಗೆ ನಾಲ್ವರ ಗುಂಪು ಮಾಡಿ ಹೆಸರು ಕೊಡಿ ಎಂದಾಗ ಪಟ್ಟಿ ಬರೆದವನು ನಾನು. ಯಲಬುರ್ಗಾನ ಹೆಸರು ಬಿಟ್ಟು, ಒಂಬತ್ತರ ಮೇಲೆ ಸಿಜಿಪಿಎ ಇದ್ದ ಇನ್ನೊಬ್ಬನ ಹೆಸರು ಬರೆದೆ. ಪ್ರಾಜೆಕ್ಟ್ ಚೆನ್ನಾಗಿ ಆಗಬೇಕು, ನಾಳೆ ಕ್ಯಾಂಪಸ್ ಸಂದರ್ಶನದಲ್ಲಿ ಹೇಳಿಕೊಳ್ಳುವಂತಿರಬೇಕು ಎಂಬುದು ನನ್ನ ಲೆಕ್ಕ. ಅವನಿಗೆ ಹೇಳಿದಾಗ "ಆತು ಬಿಡು" ಅಂದಿದ್ದ. ನಾನೂ ಬಿಟ್ಟೆ.

ಒಂದು ಹೊಡೆತದ ಅಂತರ

ಗಾಲ್ಫ್ ಯಾಕೆ ಬಂತು ಅಂತ ಕೇಳಬಹುದು. ನಮ್ಮ ವಯಸ್ಸಿನ ಬಹಳಷ್ಟು ಜನ ಮೊದಲ ಸಲ ಗಾಲ್ಫ್ ನೋಡಿದ್ದು 2021ರ ಆಗಸ್ಟ್ 7ರಂದು ಇರಬೇಕು. ಎರಡೇ ದಿನದಲ್ಲಿ ಓಎಂಆರ್ ಹಾಳೆಯ ಮೇಲೆ ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದು ಫಲಿತಾಂಶಕ್ಕೆ ಕಾಯುತ್ತಿದ್ದ ಬ್ಯಾಚು ನಮ್ಮದು. ಅಂದು ಬೆಳಗ್ಗೆ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಬೆಂಗಳೂರಿನ ಅದಿತಿ ಅಶೋಕ್ ಪದಕದ ಹತ್ತಿರ ಇದ್ದಾರೆ ಎಂದು ಮನೆಮನೆಯಲ್ಲಿ ಟಿ.ವಿ. ಹಚ್ಚಿದರು. ಬರ್ಡಿ ಅಂದರೇನು, ಪಾರ್ ಅಂದರೇನು ಯಾರಿಗೂ ಗೊತ್ತಿರಲಿಲ್ಲ. ಆದರೂ ಚೆಂಡು ಕುಳಿಯ ಅಂಚಿಗೆ ಹೋಗಿ ನಿಂತಾಗಲೆಲ್ಲ ಎಲ್ಲರೂ ಉಸಿರು ಬಿಗಿಹಿಡಿಯುತ್ತಿದ್ದರು. ವಿಶ್ವ ಕ್ರಮಾಂಕದಲ್ಲಿ 200ನೇ ಸ್ಥಾನದಲ್ಲಿದ್ದ ಅವರು ನಾಲ್ಕನೆಯವರಾಗಿ ಮುಗಿಸಿದರು. ಕಂಚು ತಪ್ಪಿದ್ದು ಒಂದೇ ಒಂದು ಹೊಡೆತದಲ್ಲಿ. ಎರಡು ವರ್ಷದ ನಂತರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಬೆಳ್ಳಿ ಗೆದ್ದರು. ಆ ಕೂಟದ ಗಾಲ್ಫ್‌ನಲ್ಲಿ ಪದಕ ಗೆದ್ದ ಭಾರತದ ಮೊದಲ ಮಹಿಳೆ ಅವರು.

ಕರ್ನಾಟಕಕ್ಕೆ ಗಾಲ್ಫ್ ಹೊಸದೇನಲ್ಲ. ಬೆಂಗಳೂರು ಗಾಲ್ಫ್ ಕ್ಲಬ್ ಶುರುವಾಗಿದ್ದು 1876ರಲ್ಲಿ. ಆದರೆ ಅದು ನಮ್ಮ ಕಡೆಗೆ ಬಂದ ಆಟವಲ್ಲ. 18 ಹೋಲಿನ ಒಂದು ಮೈದಾನಕ್ಕೆ ಸಾಮಾನ್ಯವಾಗಿ ನೂರು ಎಕರೆಗಿಂತ ಹೆಚ್ಚು ಜಾಗ ಬೇಕು. ಆ ಹುಲ್ಲು ಹಸಿರಾಗಿರಲು ದಿನಾ ನೀರು ಬೇಕು. ಕುಡಿಯುವ ನೀರಿಗೇ ಬೇಸಿಗೆಯಲ್ಲಿ ದಾರಿ ಕಾಯುವ ಹಳ್ಳಿಗಳಿರುವ ಕುಷ್ಟಗಿ, ಯಲಬುರ್ಗಾ ತಾಲ್ಲೂಕಿನವರು ಅದನ್ನು ಕೇಳುವುದೂ ತಪ್ಪಾದೀತು.

ಆಟವನ್ನು ನಮ್ಮ ರೂಮಿಗೆ ತಂದವನು ಗಂಗಾವತಿ. ರಜೆಯಲ್ಲಿ ಬೆಂಗಳೂರಿಗೆ ಇಂಟರ್ನ್‌ಶಿಪ್‌ಗೆ ಹೋದವನನ್ನು ಅಲ್ಲಿಯವರು ಒಂದು ಭಾನುವಾರ ಗಾಲ್ಫ್ ಆಡಲು ಕರೆದೊಯ್ದಿದ್ದರಂತೆ. "ಕೋಲು ಹಿಡ್ಯಾಕೂ ಬರ್ತಿರಲಿಲ್ಲಲೇ. ಆದ್ರೂ ನನ್ನ ಎರಡು ಹೊಡೆತ ತಗೊಂಡ್ರು" ಎಂದು ಹತ್ತು ಸಲವಾದರೂ ಹೇಳಿದ್ದಾನೆ. ಅವರು ಆಡಿದ್ದು 'ಸ್ಕ್ರಾಂಬಲ್' ಎಂಬ ಬಗೆ.

ನಾಲ್ಕು ಹೊಡೆತ, ಒಂದು ಚೆಂಡು

ಮಾಮೂಲು ಗಾಲ್ಫ್‌ನಲ್ಲಿ ಪ್ರತಿಯೊಬ್ಬನದೂ ಅವನವನ ಚೆಂಡು, ಅವನವನ ಪಾಡು. ಹೊಡೆದದ್ದು ಮುಳ್ಳುಕಂಟಿಗೆ ಹೋದರೆ ಅಲ್ಲಿಂದಲೇ ನೀನೇ ಹೊಡೆಯಬೇಕು. ಹೊಸಬನಿಗೆ ಒಂದೊಂದು ಹೋಲ್‌ಗೂ ಹನ್ನೆರಡು, ಹದಿನೈದು ಹೊಡೆತ ಬೀಳುತ್ತವೆ. ಜೊತೆಗಿದ್ದವರು ಕಾಯುತ್ತಾ ನಿಲ್ಲುತ್ತಾರೆ, ಇವನು ನಾಚಿಕೆಯಿಂದ ಇನ್ನಷ್ಟು ತಪ್ಪು ಹೊಡೆಯುತ್ತಾನೆ.

ಸ್ಕ್ರಾಂಬಲ್‌ನಲ್ಲಿ ಹಾಗಿಲ್ಲ. ನಾಲ್ವರದು ಒಂದೇ ತಂಡ. ನಾಲ್ವರೂ ಮೊದಲ ಹೊಡೆತ ಹೊಡೆಯುತ್ತಾರೆ. ನಾಲ್ಕರಲ್ಲಿ ಯಾವ ಚೆಂಡು ಚೆನ್ನಾಗಿ ಬಿದ್ದಿದೆಯೋ ಅದನ್ನು ಆರಿಸಿ, ಉಳಿದ ಮೂವರು ತಮ್ಮ ಚೆಂಡು ಎತ್ತಿಕೊಂಡು ಅಲ್ಲಿಗೇ ಬರುತ್ತಾರೆ. ಆ ಜಾಗದಿಂದ ಮತ್ತೆ ನಾಲ್ವರ ಹೊಡೆತ, ಮತ್ತೆ ಒಂದರ ಆಯ್ಕೆ. ಚೆಂಡು ಕುಳಿಗೆ ಬೀಳುವವರೆಗೆ ಹೀಗೆಯೇ. ನಾಲ್ವರು ಹೊಡೆದರೂ ಲೆಕ್ಕಕ್ಕೆ ಒಂದೇ ಹೊಡೆತ. ಹೀಗಾಗಿ ಮೂವರು ತಪ್ಪಿದರೂ ಒಬ್ಬ ಸರಿಯಾಗಿ ಹೊಡೆದರೆ ತಂಡ ಮುಂದೆ ಹೋಗುತ್ತದೆ. ಕಚೇರಿಗಳ ಟೀಮ್ ಔಟಿಂಗ್, ದೇಣಿಗೆ ಸಂಗ್ರಹದ ಪಂದ್ಯಗಳಲ್ಲಿ ಹೊಸಬರನ್ನು ಸೇರಿಸಿಕೊಳ್ಳಲು ಇದೇ ಬಗೆಯನ್ನು ಆಡಿಸುವುದುಂಟು.

ಇದಕ್ಕೆ ಹಲವು ಕಡೆ ಇನ್ನೊಂದು ನಿಯಮ ಸೇರಿಸುತ್ತಾರೆ. ಆಟ ಮುಗಿಯುವುದರೊಳಗೆ ಪ್ರತಿ ಆಟಗಾರನ ಮೊದಲ ಹೊಡೆತವನ್ನು ಇಂತಿಷ್ಟು ಸಲ ಬಳಸಲೇಬೇಕು. ಗಂಗಾವತಿ ಇದನ್ನು ಹೇಳಿದಾಗ ಅದರ ಮಹತ್ವ ನನಗೆ ತಿಳಿಯಲಿಲ್ಲ. "ಹಾಕೋಣ ಬಿಡು, ಆರು ಹೋಲ್‌ನ್ಯಾಗ ಒಬ್ಬೊಬ್ಬರದು ಒಂದ್ ಸಲ" ಎಂದು ನೋಟ್‌ಬುಕ್ಕಿನಲ್ಲಿ ಬರೆದೆ.

ಕೋಲು ತಯಾರಾಗಿದ್ದು ಗಂಗಾವತಿಯ ಒಂದು ವೆಲ್ಡಿಂಗ್ ಅಂಗಡಿಯಲ್ಲಿ. ರೈಸ್‌ಮಿಲ್ಲುಗಳ ಸಾಮಾನು ರಿಪೇರಿ ಮಾಡುವ ಊರಿನಲ್ಲಿ ಪೈಪು, ಪ್ಲೇಟುಗಳಿಗೆ ಬರವೇ? ನಾವು ಮೆಕ್ಯಾನಿಕಲ್ ಹುಡುಗರು. ಗಾಲ್ಫ್ ಕೋಲಿನಲ್ಲಿ ಮುಖ್ಯವಾದದ್ದು ಮುಖದ ಓರೆ, ಅಂದರೆ ಲಾಫ್ಟ್. ಓರೆ ಕಡಿಮೆ ಇದ್ದರೆ ಚೆಂಡು ತಗ್ಗಿನಲ್ಲಿ ದೂರ ಹೋಗುತ್ತದೆ, ಹೆಚ್ಚಿದ್ದರೆ ಎತ್ತರಕ್ಕೆ ಎದ್ದು ಹತ್ತಿರದಲ್ಲೇ ಬೀಳುತ್ತದೆ. ಆಟಗಾರರು 14 ಕೋಲುಗಳವರೆಗೆ ಒಯ್ಯಬಹುದು. ನಾವು 15, 35, 55 ಡಿಗ್ರಿಯ ಮೂರು ಕೋಲು, ಕುಳಿಗೆ ತಳ್ಳಲು ಹೆಚ್ಚುಕಡಿಮೆ ನೆಟ್ಟಗಿನದೊಂದು, ಒಟ್ಟು ನಾಲ್ಕರಲ್ಲೇ ಮುಗಿಸಿದೆವು. ಗಾಲ್ಫ್ ಚೆಂಡು ಕಲ್ಲಿನಂತೆ ಗಟ್ಟಿ, ತಲೆಗೆ ಬಿದ್ದರೆ ಪ್ರಾಣಕ್ಕೇ ಕುತ್ತು. ಹಾಗಾಗಿ ಕ್ರಿಕೆಟ್ ಆಡುವ ಹಳೆಯ ಟೆನಿಸ್ ಚೆಂಡುಗಳೇ ಸಾಕೆಂದು ತೀರ್ಮಾನಿಸಿದೆವು. ಕುಳಿಗೂ ಅಳತೆಯಿದೆ: 108 ಮಿಲಿಮೀಟರ್ ಅಗಲ. ಹೊಲದ ನೀರಿನ ನಾಲ್ಕು ಇಂಚಿನ ಪಿವಿಸಿ ಪೈಪಿನ ಹೊರ ಅಳತೆ 110. ಇಷ್ಟು ಹತ್ತಿರದ ಅಳತೆ ಸಿಕ್ಕಾಗ ನಮಗಾದ ಸಂತೋಷ ಮೆಕ್ಯಾನಿಕಲ್‌ನವರಿಗಷ್ಟೇ ಅರ್ಥವಾದೀತು.

ಹೊಲದಾಗ ಹೋಲ್

ಕುಷ್ಟಗಿ ನಮ್ಮ ಜೊತೆ ಬಸ್ಸಿಗೆ ಬರಲಿಲ್ಲ. 2025ರ ಮೇ ತಿಂಗಳಲ್ಲಿ ಅವನೂರಿಗೆ ಮೊದಲ ಸಲ ರೈಲು ಬಂದಾಗಿನಿಂದ ಎಲ್ಲಿಗೆ ಹೋಗುವುದಿದ್ದರೂ ರೈಲಿಗೇ ಹೋಗುತ್ತೇನೆ ಎನ್ನುವ ಹಟ ಅವನದು. ಯಲಬುರ್ಗಾದಲ್ಲಿ ಮೂವರೂ ಕೂಡಿ, ಟಂಟಂ ಹಿಡಿದು ಗೆಳೆಯನ ಹಳ್ಳಿಗೆ ಹೋದೆವು.

ಅವನು ಹೊಲದಲ್ಲೇ ಇದ್ದ. ಕಡಲೆ ಕಿತ್ತು ಮುಗಿದಿತ್ತು. ನಮ್ಮನ್ನು ಕಂಡು ಖುಷಿಯೂ ಆಗಲಿಲ್ಲ, ಸಿಟ್ಟೂ ಆಗಲಿಲ್ಲ. "ಯಾಕ ಬಂದ್ರಿ?" ಅಂದ.

"ಗಾಲ್ಫ್ ಆಡಾಕ" ಅಂದ ಕುಷ್ಟಗಿ.

"ನಾ ಒಲ್ಲೆ. ನಾ ಆಡಿದ್ರ ನಿಮ್ಮ ಆಟಾನೂ ಕೆಡತೈತಿ."

ಆ 'ನಿಮ್ಮ ಆಟಾನೂ' ಎನ್ನುವಲ್ಲಿನ 'ನೂ' ನನಗೆ ಚುಚ್ಚಿತು. ಕುಷ್ಟಗಿ ಬಿಡಲಿಲ್ಲ. "ಇದಕ್ಕ ನಾಲ್ಕು ಮಂದಿ ಬೇಕಲೇ. ಮೂರು ಮಂದಿ ಆಡಿದ್ರ ಆಟಾನ ಅಲ್ಲ" ಅಂದ. ನಿಜ ಹೇಳಬೇಕೆಂದರೆ ಮೂವರೂ ಆಡಬಹುದು. ಆದರೆ ಆ ಸುಳ್ಳಿಗೆ ನಾವ್ಯಾರೂ ತಕರಾರು ಮಾಡಲಿಲ್ಲ.

ಎರೆ ಹೊಲ ನೋಡಿದವರಿಗೆ ಗೊತ್ತು. ಮಳೆಯಲ್ಲಿ ಕಾಲು ಹಿಡಿಯುವ ಮಣ್ಣು ಬೇಸಿಗೆ ಬಂತೆಂದರೆ ಬಾಯಿ ಬಿಡುತ್ತದೆ. ಕೆಲವು ಬಿರುಕಿನಲ್ಲಿ ಮುಂಗೈ ಇಳಿಯುತ್ತದೆ. ಗಾಲ್ಫ್ ಮೈದಾನದಲ್ಲಿ ಮರಳಿನ ಗುಂಡಿಗಳನ್ನು ಖರ್ಚು ಮಾಡಿ ತೋಡಿಸುತ್ತಾರೆ, ನಮಗೆ ಭೂಮಿತಾಯಿಯೇ ಪುಕ್ಕಟೆ ಮಾಡಿಕೊಟ್ಟಿದ್ದಳು. ಹೊಲದ ಎರಡು ಮಗ್ಗುಲಿಗೆ ಬಳ್ಳಾರಿ ಜಾಲಿ, ಒಂದು ಕಡೆ ಒಡ್ಡು. ಅರವತ್ತು ಹೆಜ್ಜೆಯಿಂದ ನೂರೈವತ್ತು ಹೆಜ್ಜೆಯವರೆಗೆ ಆರು ಹೋಲ್ ಗುರುತು ಮಾಡಿ, ಪೈಪಿನ ತುಂಡು ಹೂತೆವು.

ಕುಳಿಯ ಸುತ್ತ ನೆಲ ನುಣುಪಾಗಿರಬೇಕು. ಹುಲ್ಲು ಬೆಳೆಯದ ಒಣ ಸೀಮೆಗಳಲ್ಲಿ ಮರಳಿಗೆ ಎಣ್ಣೆ ಬೆರೆಸಿ ಗಟ್ಟಿ ಮಾಡುತ್ತಾರೆ, ಅದಕ್ಕೆ 'ಗ್ರೀನ್' ಬದಲು 'ಬ್ರೌನ್' ಎನ್ನುತ್ತಾರೆ ಎಂದು ಗಂಗಾವತಿ ಓದಿಕೊಂಡು ಬಂದಿದ್ದ. ಎಣ್ಣೆ ಡಬ್ಬಿಯನ್ನೂ ತಂದಿದ್ದ. ಅದನ್ನು ಕಂಡು ಯಲಬುರ್ಗಾ ಮೊದಲ ಸಲ ಬಾಯಿ ಬಿಟ್ಟ: "ಹುಚ್ಚರಾ, ಉಣ್ಣೋ ಭೂಮಿಗೆ ಎಣ್ಣಿ ಹಾಕ್ತೀರಾ? ಕಣ ಮಾಡಿದಂಗ ಮಾಡ್ರಿ." ನೀರು ಚಿಮುಕಿಸಿ, ತುಳಿದು, ಸಗಣಿ ಸಾರಿಸಿ ರಾಶಿ ಮಾಡುವ ಕಣ ಹದ ಮಾಡುವುದನ್ನು ಅವನೇ ತೋರಿಸಿದ. ಹೊಲದ ಮೂಲೆಯ ಹಳೆಯ ಕಣವೇ ಆರನೇ ಹೋಲ್ ಆಯಿತು. ಉಳಿದ ಐದನ್ನು ಗುಡಿಸಿ, ನೀರು ಹಾಕಿ ತುಳಿದೆವು. ಆ ಕೆಲಸ ಮುಗಿಯುವಷ್ಟರಲ್ಲಿ ಅವನ ಕೈಗೂ ಒಂದು ಕೋಲು ಬಂದಿತ್ತು.

ರೂಲ್ ಅಂದ್ರ ರೂಲ್

ಕುಷ್ಟಗಿ ಕಬಡ್ಡಿ ಆಟಗಾರ. ಅವನ ಹೊಡೆತದಲ್ಲಿ ಬಲವಿದೆ, ದಿಕ್ಕಿಲ್ಲ. ಗಂಗಾವತಿಗೆ ನಿಲ್ಲುವ ಠೀವಿ ಬರುತ್ತದೆ, ಚೆಂಡು ಮಾತು ಕೇಳುವುದಿಲ್ಲ. ನನ್ನದು ನೆಟ್ಟಗೆ ಹೋಗುತ್ತದೆ, ದೂರ ಹೋಗುವುದಿಲ್ಲ. ಯಲಬುರ್ಗಾ ಚೆಂಡನ್ನೇ ನೋಡುತ್ತಿರಲಿಲ್ಲ. ಹೊಡೆಯುವ ಮುಂಚೆ, ಹೊಡೆದ ಮೇಲೆ ನಮ್ಮ ಮುಖ ನೋಡುತ್ತಿದ್ದ. ಮೊದಲ ಮೂರು ಹೋಲ್‌ನಲ್ಲಿ ಅವನ ಮೊದಲ ಹೊಡೆತ ಹತ್ತು ಹೆಜ್ಜೆ ದಾಟಲಿಲ್ಲ. ಪ್ರತಿ ಸಲವೂ ಬೇರೆಯವರ ಚೆಂಡು ಆರಿಸಿದೆವು. ಅವನು ಸುಮ್ಮನೆ ತನ್ನದನ್ನು ಎತ್ತಿಕೊಂಡು ಹಿಂದೆ ಹಿಂದೆ ಬಂದ.

ಮೂರನೇ ಹೋಲ್‌ನಲ್ಲಿ ಒಂದು ಸಣ್ಣ ಬದಲಾವಣೆ ಆಯಿತು. ಕುಳಿಗೆ ಐದು ಹೆಜ್ಜೆ. ನಾವು ಮೂವರೂ ತಳ್ಳಿದ ಚೆಂಡು ಎಡಕ್ಕೇ ಜಾರಿ ತಪ್ಪಿತು. ಕೊನೆಗೆ ಅವನು ಬಂದು ನೆಲ ನೋಡಿ, "ಇಲ್ಲಿ ಮಳಿ ನೀರು ಈ ಕಡೆ ಹರೀತೈತಿ" ಎಂದು ಒಂದು ಗೇಣು ಬಲಕ್ಕೆ ಗುರಿಯಿಟ್ಟ. ಚೆಂಡು ತಿರುಗಿ ಕುಳಿಗೆ ಬಿತ್ತು. ಅವನ ಹೊಲ, ಅವನಿಗೆ ಅದರ ಇಳಿಜಾರು ಗೊತ್ತು. ಅಲ್ಲಿಂದ ಮುಂದೆ ಕುಳಿಗೆ ತಳ್ಳುವಾಗ ಅವನನ್ನೇ ಕೊನೆಗೆ ಇಟ್ಟೆವು. ಮೂವರ ಚೆಂಡು ಹೇಗೆ ಹೋಯಿತೆಂದು ನೋಡಿ ನಾಲ್ಕನೆಯವನು ತಿದ್ದಿಕೊಳ್ಳಬಹುದು. ಸ್ಕ್ರಾಂಬಲ್ ಆಡುವವರೆಲ್ಲ ಚೆನ್ನಾಗಿ ತಳ್ಳುವವನನ್ನು ಕೊನೆಗಿಡುವುದು ಇದೇ ಕಾರಣಕ್ಕೆ.

ಐದು ಹೋಲ್ ಮುಗಿದವು. ಒಟ್ಟು 22 ಹೊಡೆತ. ನೋಟ್‌ಬುಕ್ ನೋಡಿದೆ. ಮೂವರ ಹೆಸರಿನ ಮುಂದೆ ಗುರುತು ಬಿದ್ದಿತ್ತು, ಯಲಬುರ್ಗಾದ ಮುಂದೆ ಇಲ್ಲ. ಅಂದರೆ ಆರನೇ ಹೋಲ್‌ನಲ್ಲಿ ಅವನ ಮೊದಲ ಹೊಡೆತ ಎಲ್ಲಿ ಬಿದ್ದರೂ ಅದನ್ನೇ ತೆಗೆದುಕೊಳ್ಳಬೇಕು. ಅದು ಇದ್ದದ್ದರಲ್ಲೇ ಉದ್ದದ ಹೋಲ್.

"ರೂಲ್ ಬಿಡ್ರಲೇ. ಆಟ ಐತಿ, ಪರೀಕ್ಷಾ ಅಲ್ಲ" ಅಂದ ಅವನು.

"ರೂಲ್ ಅಂದ್ರ ರೂಲ್" ಅಂದ ಕುಷ್ಟಗಿ.

ಹೊಡೆದ. ಚೆಂಡು ಹತ್ತು ಹೆಜ್ಜೆ ಉರುಳಿ ಒಂದು ಬಿರುಕಿನಲ್ಲಿ ಅರ್ಧ ಇಳಿದು ಸಿಕ್ಕಿಕೊಂಡಿತು. ಯಾರೂ ನಗಲಿಲ್ಲ. ಮೂವರೂ ನಮ್ಮ ಚೆಂಡು ಎತ್ತಿಕೊಂಡು ಹಿಂದಕ್ಕೆ ಬಂದು ಆ ಬಿರುಕಿನ ಸುತ್ತ ನಿಂತೆವು. ಆವತ್ತು ಮೊದಲ ಸಲ ನಾವು ಅವನ ಚೆಂಡಿದ್ದಲ್ಲಿಗೆ ಹೋಗಿದ್ದೆವು. ಅಲ್ಲಿಂದ ಎಬ್ಬಿಸಲು ಯಾವ ಕೋಲು, ಯಾವ ಕೋನ ಎಂದು ನಾಲ್ವರೂ ಬಗ್ಗಿ ನೋಡಿ ವಾದ ಮಾಡಿದೆವು. 55 ಡಿಗ್ರಿಯ ಕೋಲಿನಿಂದ ಕುಷ್ಟಗಿ ಮಣ್ಣಿನ ಹೆಂಟೆ ಸಮೇತ ಎಬ್ಬಿಸಿದ. ಆ ಹೋಲ್ ಏಳು ಹೊಡೆತಕ್ಕೆ ಮುಗಿಯಿತು. ಒಟ್ಟು 29.

ನನಗೆ ಆಗ ಹೊಳೆದದ್ದು ಇಷ್ಟು. ಆ ಒಂದು ನಿಯಮ ಇಲ್ಲದಿದ್ದರೆ ಆರೂ ಹೋಲ್ ಅವನಿಲ್ಲದೆಯೇ ಮುಗಿಯುತ್ತಿದ್ದವು. ಅವನು ತಂಡದಲ್ಲಿರುತ್ತಿದ್ದ, ಕೋಲು ಬೀಸುತ್ತಿದ್ದ, ಆದರೆ ಅವನ ಚೆಂಡಿನ ಹತ್ತಿರ ಯಾರೂ ಹೋಗುತ್ತಿರಲಿಲ್ಲ. ಚೆನ್ನಾಗಿದ್ದದ್ದನ್ನು ಆರಿಸುತ್ತಾ ಹೋಗುವುದು ಬಹಳ ಸುಲಭ. ಮಿನಿ ಪ್ರಾಜೆಕ್ಟ್ ಪಟ್ಟಿ ಬರೆಯುವಾಗ ನಾನು ಮಾಡಿದ್ದೂ ಅದನ್ನೇ.

ಮುಯ್ಯಾಳು

ಮಧ್ಯಾಹ್ನ ಅವನ ಅಪ್ಪ ಬುತ್ತಿ ತಂದರು. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ, ಮೊಸರು. ಜಾಲಿ ನೆರಳಲ್ಲಿ ಕುಳಿತು ಆಟದ ನಿಯಮ ಕೇಳಿದರು. ನಾನು ವಿವರಿಸಿದೆ. ಸ್ವಲ್ಪ ಹೊತ್ತು ಯೋಚಿಸಿ, "ಅಂದ್ರ ಮುಯ್ಯಾಳ ಇದ್ದಂಗಾತು" ಅಂದರು. ಇಂದು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು ಎಂದು ಕೂಲಿಯಿಲ್ಲದೆ ದುಡಿಯುವ ಮುಯ್ಯಾಳಿನ ಪದ್ಧತಿ ನಮ್ಮ ಕಡೆಯವರಿಗೆ ಹೇಳಿಕೊಡಬೇಕಿಲ್ಲ.

"ಆದ್ರ ಕಾಕಾ, ಒಬ್ಬಾಂವ ಚೊಲೋ ಕೆಲಸ ಮಾಡಲಿಲ್ಲ ಅಂದ್ರ?" ಗಂಗಾವತಿ ಕೇಳಿದ.

"ಮುಯ್ಯಾಳಿನ್ಯಾಗ ಆರಿಸಾಕ ಬರಂಗಿಲ್ಲಪಾ. ಮನಿಗೊಂದ ಆಳು, ಯಾರು ಬಂದ್ರೂ ಅವರ. ಯಾರಿಗೆ ಯಾವ ಸಾಲು ಕೊಡಬೇಕು ಅಂತ ಹಿರ್ಯಾ ಆದಾಂವ ನೋಡಬೇಕು."

ಊಟದ ನಂತರ ಎರಡನೇ ಆಟ. ಈ ಸಲ ಶುರು ಮಾಡುವ ಮುಂಚೆಯೇ ನಾಲ್ವರೂ ಕುಳಿತು ಪ್ಲಾನ್ ಮಾಡಿದೆವು. ಯಾರ ಮೊದಲ ಹೊಡೆತವನ್ನು ಯಾವ ಹೋಲ್‌ನಲ್ಲಿ ಬಳಸುವುದು? ಎರಡನೆಯದು ಎಲ್ಲಕ್ಕಿಂತ ಗಿಡ್ಡದು, ಇಳಿಜಾರು ಬೇರೆ. ಅದು ಯಲಬುರ್ಗಾಗೆ. ಜಾಲಿ ಹತ್ತಿರ ಇಲ್ಲದ ಬಯಲು ಕುಷ್ಟಗಿಗೆ, ಇಕ್ಕಟ್ಟಿನ ಜಾಗ ನನಗೆ. ಎರಡನೇ ಹೋಲ್‌ನಲ್ಲಿ ಯಲಬುರ್ಗಾ ಚೆಂಡನ್ನು ಎತ್ತರಕ್ಕೆ ಎಬ್ಬಿಸುವ ಗೋಜಿಗೇ ಹೋಗದೆ ನೆಲಕ್ಕೆ ತಾಗಿಸಿ ಉರುಳಿಸಿದ. ಅದು ಇಳಿಜಾರು ಹಿಡಿದು ಹೋಗಿ ಕುಳಿಗೆ ಎಂಟು ಹೆಜ್ಜೆ ದೂರದಲ್ಲಿ ನಿಂತಿತು. ಆ ಹೋಲ್ ಮೂರಕ್ಕೆ ಮುಗಿಯಿತು. ನಮ್ಮ ಅತಿ ಕಡಿಮೆ ಲೆಕ್ಕ ಅದೇ. ಎರಡನೇ ಆಟದ ಒಟ್ಟು 25.

ಕೇಳಲೇಬೇಕಿದ್ದ ಪ್ರಶ್ನೆ

ಸಂಜೆ ಒಡ್ಡಿನ ಮೇಲೆ ಕುಳಿತಿದ್ದಾಗ ಅವನು ಕೇಳಿಯೇಬಿಟ್ಟ: "ಮಿನಿ ಪ್ರಾಜೆಕ್ಟ್‌ನ್ಯಾಗ ನನ್ನ ಹೆಸರು ಯಾಕ ಬಿಟ್ಟಿ?"

ಉತ್ತರ ಮೊದಲೇ ಗೊತ್ತಿದ್ದವನು ಕೇಳಿದ ಪ್ರಶ್ನೆ ಅದು. "ಸಿಜಿಪಿಎ ನೋಡಿ ಬಿಟ್ಟೆ. ತಪ್ಪಾತು" ಅಂದೆ. ಅದಕ್ಕಿಂತ ಹೆಚ್ಚು ಹೇಳಲು ಬರಲಿಲ್ಲ. ಅವನು ತಲೆಯಾಡಿಸಿದ. "ನಾಲ್ಕು ತಿಂಗಳು ಅದ ರೂಮಿನ್ಯಾಗ ನೀವು ಮೂರು ಮಂದಿ ಪ್ರಾಜೆಕ್ಟ್ ಮಾತಾಡತಿದ್ರಿ. ನಾ ಹೊದ್ದುಕೊಂಡು ಮಲಗತಿದ್ದೆ. ನಿದ್ದಿ ಬರ್ತಿರಲಿಲ್ಲ" ಅಂದ. ಅವನ ಎರಡು ವಿಷಯ ಹೋಗಿದ್ದಕ್ಕೆ ನಾನೇ ಕಾರಣ ಅಂತ ಅವನು ಹೇಳಲಿಲ್ಲ, ಅಷ್ಟು ಸರಳವೂ ಅಲ್ಲ. ಆದರೆ ಆ ನಾಲ್ಕು ತಿಂಗಳು ಅವನು ಒಂದು ಡೌಟನ್ನೂ ನಮ್ಮ ಹತ್ತಿರ ಕೇಳಿರಲಿಲ್ಲ ಎಂಬುದು ನನಗೆ ಆಗಲೇ ನೆನಪಾಯಿತು.

ಆರನೇ ಸೆಮಿಸ್ಟರ್‌ನಲ್ಲಿ ದೊಡ್ಡ ಪ್ರಾಜೆಕ್ಟಿನ ಗುಂಪು ಮಾಡಬೇಕು. "ನನ್ನ ಹಾಕ್ಕೊಂಡ್ರ ನಿಮಗ ಲುಕ್ಸಾನ" ಅಂದ. ಕುಷ್ಟಗಿ ಎಂದಿನಂತೆ ರೂಲ್ ನೆನಪಿಸಿದ. ವಿಷಯ ಏನು ಎಂದು ಮಾತು ಬಂದಾಗ ಯಲಬುರ್ಗಾ ತನ್ನ ಅಂಗೈ ಚಾಚಿದ. ಕಡಲೆ ಗಿಡದ ಹುಳಿಗೆ ಚರ್ಮ ಸುಲಿದು ಉರಿ ಎದ್ದಿತ್ತು. ಕಡಲೆ ಕೀಳುವ ಹೆಣ್ಣುಮಕ್ಕಳು ಕೈಗೆ ಅರಿವೆ ಸುತ್ತಿಕೊಂಡು ದಿನವಿಡೀ ಬಗ್ಗಿ ಕೀಳುತ್ತಾರೆ. ಸಣ್ಣ ಹೊಲದವರು ದೊಡ್ಡ ಯಂತ್ರ ತರಿಸಲಾರರು. "ನಿಂತ ಕೀಳುವಂಥಾದ್ದು ಒಂದು ಮಾಡಾಕ ಬರ್ತೈತೇನು?" ಎಂದು ಕೇಳಿದ. ಒಂಬತ್ತರ ಮೇಲೆ ಸಿಜಿಪಿಎ ಇದ್ದ ನಮ್ಮ ಹಿಂದಿನ ಗುಂಪು ಎರಡು ವಾರ ಇಂಟರ್ನೆಟ್ಟಿನಲ್ಲಿ ಹುಡುಕಿದರೂ ಇಂಥ ವಿಷಯ ಸಿಕ್ಕಿರಲಿಲ್ಲ.

ಮುಂದಿನ ಸೋಮವಾರ ಅವನು ಹಾಸ್ಟೆಲ್‌ಗೆ ಬಂದ. ಎಲ್ಲ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಎರಡು ಬ್ಯಾಕ್‌ಲಾಗ್ ಹಾಗೇ ಇವೆ. ಕಡಲೆ ಕೀಳುವ ಸಲಕರಣೆ ಇನ್ನೂ ಕಾಗದದ ಮೇಲಿದೆ, ಗೈಡ್ ಒಪ್ಪಬೇಕು. ರಾತ್ರಿ ಊಟದ ನಂತರ ಒಂದು ಗಂಟೆ ನಾಲ್ವರೂ ಅವನ ಹಳೆಯ ವಿಷಯದ ಲೆಕ್ಕ ಬಿಡಿಸುತ್ತೇವೆ. ಬೋರ್ಡಿನ ಹತ್ತಿರ ಅವನನ್ನು ಕೊನೆಗೆ ನಿಲ್ಲಿಸುತ್ತೇವೆ, ನಮ್ಮ ಮೂವರ ತಪ್ಪು ನೋಡಿಕೊಂಡು ಬಿಡಿಸಲಿ ಎಂದು. ಕೆಲವು ದಿನ ಬಿಡಿಸುತ್ತಾನೆ, ಕೆಲವು ದಿನ ಇಲ್ಲ.

ಕ್ಯಾಂಪಸ್ ಸಂದರ್ಶನದಲ್ಲಿ 'ಟೀಮ್ ವರ್ಕ್' ಬಗ್ಗೆ ಕೇಳುತ್ತಾರೆಂದು ಸೀನಿಯರ್‌ಗಳು ಉತ್ತರ ಬಾಯಿಪಾಠ ಮಾಡಿಸುತ್ತಾರೆ. ಕೇಳಿದರೆ ಆ ಬಿರುಕಿನ ಸುತ್ತ ನಾಲ್ವರು ಬಗ್ಗಿ ನಿಂತದ್ದನ್ನು ಹೇಳಬೇಕೆಂದಿದ್ದೇನೆ.

ನೀವೂ ಆಡಿ ನೋಡಿ. ನಾಲ್ಕು ಗೆಳೆಯರು, ನಾಲ್ಕು ಟೆನಿಸ್ ಚೆಂಡು, ಒಂದು ಹಳೆಯ ಹಾಕಿ ಸ್ಟಿಕ್ಕು, ಕಿತ್ತ ಹೊಲ ಇದ್ದರೆ ಸಾಕು. ಹೊಲದವರನ್ನು ಕೇಳಿಯೇ ಇಳಿಯಿರಿ, ಹೊಡೆಯುವವನಿಂದ ನಾಲ್ಕು ಮಾರು ದೂರ ನಿಲ್ಲಿರಿ, ಆಟ ಮುಗಿದ ಮೇಲೆ ಕುಳಿ ಮುಚ್ಚಿರಿ. ಉಳಿದ ನಿಯಮಗಳನ್ನು ನಿಮಗೆ ಬೇಕಾದಂತೆ ಬದಲಿಸಿಕೊಳ್ಳಿ. ಒಬ್ಬೊಬ್ಬರ ಹೊಡೆತ ಒಂದು ಸಲವಾದರೂ ತೆಗೆದುಕೊಳ್ಳಬೇಕು ಎಂಬುದನ್ನು ಮಾತ್ರ ಬಿಡಬೇಡಿ.